‘ಕನ್ನಡ’ ಎಂಬ ಪದ ‘ಕನ’, ‘ನಡ’ ಎಂದು ಒಡೆಯುವುದು ಎಲ್ಲಿ? ಕನ್ನಡ ಪಠ್ಯ, ಟೋಕನೈಸರ್, ಮಾಡೆಲ್: ಚರ್ಚೆ

ಒತ್ತಕ್ಷರ (ಮೊದಲ ಬರಹ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಕನ್ನಡ ಪಠ್ಯದಿಂದ ಕಲಿಯುವ ಕಂಪ್ಯೂಟರ್ ಮಾಡೆಲ್ ಸರಿಯಾಗಿ ಕೆಲಸ ಮಾಡದಿದ್ದಾಗ ಎಲ್ಲರೂ ಮೊದಲು ಕೈ ಹಾಕುವುದು ಮಾಡೆಲ್‌ಗೇ: ದೊಡ್ಡದು ತರೋಣ, ಲರ್ನಿಂಗ್ ರೇಟ್ ಬದಲಿಸೋಣ, ಇನ್ನೂ ಹತ್ತು ಸಾವಿರ ವಾಕ್ಯ ಸೇರಿಸೋಣ. ಆದರೆ ಬಹಳ ಸಲ ಹುಳುಕು ಇರುವುದು ಅದಕ್ಕಿಂತ ಎಷ್ಟೋ ಮೊದಲು, ಪಠ್ಯವನ್ನು ಪದಗಳಾಗಿ, ಚೂರುಗಳಾಗಿ (ಟೋಕನ್) ಬಿಡಿಸುವ ಟೋಕನೈಸರ್‌ನ ಒಂದೇ ಒಂದು ಸಾಲಿನಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಪೈಥಾನ್ ಜೊತೆ ಬರುವ ‘ಆರ್‌ಇ’ ಲೈಬ್ರರಿಯಲ್ಲಿ (ಪಠ್ಯದಲ್ಲಿ ಬೇಕಾದ್ದನ್ನು ಹುಡುಕುವ ಸೂತ್ರ, ಅಂದರೆ ರೆಜೆಕ್ಸ್, ಬರೆಯುವುದು ಇದರಲ್ಲಿ) ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅಂದರೆ ‘ಪದದೊಳಗೆ ಬರುವ ಅಕ್ಷರ’. ಅದು ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನು ಮಾತ್ರ ಒಪ್ಪುತ್ತದೆ. ನಮ್ಮ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ವಿರಾಮ ಚಿಹ್ನೆ (್) ಇವೆಲ್ಲ ಯೂನಿಕೋಡ್‌ನಲ್ಲಿ ‘ಅಕ್ಷರ’ ವರ್ಗಕ್ಕೆ ಸೇರಿಲ್ಲ, ‘ಗುರುತು’ ವರ್ಗಕ್ಕೆ ಸೇರಿವೆ. ಹಾಗಾಗಿ ಪ್ರತಿ ಗುಣಿತ ಚಿಹ್ನೆಯ ಹತ್ತಿರವೂ ಪದ ಮುರಿಯುತ್ತದೆ.

ಸೈಕಿಟ್-ಲರ್ನ್‌ನ ಕೌಂಟ್ ವೆಕ್ಟರೈಸರ್, ಟಿಎಫ್-ಐಡಿಎಫ್ ವೆಕ್ಟರೈಸರ್ (ಪಠ್ಯವನ್ನು ಪದಗಳ ಲೆಕ್ಕವಾಗಿ ಬದಲಿಸುವ ಸಾಧನಗಳು) ಎರಡೂ ಏನೂ ಹೇಳದೆ ಬಿಟ್ಟರೆ ಇದೇ ನಿಯಮವನ್ನು ಬಳಸುತ್ತವೆ. ಜೊತೆಗೆ ಕನಿಷ್ಠ ಎರಡು ಅಕ್ಷರ ಇರಬೇಕೆಂಬ ಷರತ್ತೂ ಇದೆ. ಈಗ ‘ಕನ್ನಡ’ ಕೊಟ್ಟು ನೋಡಿ. ಒಳಗಿರುವುದು ಐದು ಸಂಕೇತ (ಯೂನಿಕೋಡ್‌ನಲ್ಲಿ ತನ್ನದೇ ಸಂಖ್ಯೆ ಇರುವ ಘಟಕ): ಕ, ನ, ್, ನ, ಡ. ಮಧ್ಯದ ವಿರಾಮ ಚಿಹ್ನೆಯಲ್ಲಿ ಕತ್ತರಿಸಿ ‘ಕನ’ ಮತ್ತು ‘ನಡ’ ಎಂಬ ಎರಡು ‘ಪದ’ ಹೊರಬರುತ್ತವೆ. ‘ಬೆಂಗಳೂರು’ ಕೊಟ್ಟರೆ ಇನ್ನೂ ಕಷ್ಟ. ‘ಬ’ ಒಂಟಿ, ಬಿದ್ದುಹೋಯಿತು. ‘ರ’ ಒಂಟಿ, ಅದೂ ಹೋಯಿತು. ಉಳಿದದ್ದು ‘ಗಳ’. ಬಹುವಚನದ ‘ಗಳ’ ಇರುವ ಸಾವಿರಾರು ಪದಗಳ ಜೊತೆ ಬೆಂಗಳೂರೂ ಒಂದೇ ಖಾನೆಗೆ ಸೇರಿಕೊಂಡಿತು.

ದುರಂತ ಅಂದರೆ ಎಲ್ಲೂ ಎರರ್ ಬರುವುದಿಲ್ಲ. ಮಾಡೆಲ್ ಕಲಿಯುತ್ತದೆ, ನಿಖರತೆಯ ಅಂಕವೂ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಯಾಕೆಂದರೆ ಈ ಚೂರುಗಳಲ್ಲೂ ಸ್ವಲ್ಪ ಸುಳಿವು ಇದ್ದೇ ಇರುತ್ತದೆ. ಅಲ್ಲಿಂದ ಮೇಲೆ ಏನು ಮಾಡಿದರೂ ಏರುವುದಿಲ್ಲ.

ಪರಿಹಾರ ಎರಡು. ಒಂದು, ಪದದ ನಿಯಮವನ್ನು ನೀವೇ ಬರೆಯಿರಿ: ಕನ್ನಡದ ಇಡೀ ಬ್ಲಾಕ್ (ದಶಮಾನದಲ್ಲಿ 3200ರಿಂದ 3327), ಅದರ ಜೊತೆಗೆ 8204 ಮತ್ತು 8205. ಈ ಕೊನೆಯ ಎರಡು ಯಾಕೆ ಎನ್ನುವುದು ಕೆಳಗೆ ಖಂಡಿತ ಬರುತ್ತದೆ. ಇನ್ನೊಂದು, ‘ಆರ್‌ಇ’ ಬದಲು ‘ರೆಜೆಕ್ಸ್’ ಲೈಬ್ರರಿ ಹಾಕಿಕೊಳ್ಳಿ, ಅದು ಗುರುತುಗಳನ್ನೂ ಪದದೊಳಗೇ ಎಣಿಸುತ್ತದೆ. ಅದರಲ್ಲೂ 8204, 8205 ಎರಡನ್ನು ಕೈಯಾರೆ ಸೇರಿಸುವುದು ಒಳ್ಳೆಯದು. ಆಮೇಲೆ ವೆಕ್ಟರೈಸರ್‌ನ ಪದಪಟ್ಟಿಯನ್ನು ಪ್ರಿಂಟ್ ಮಾಡಿ, ಮೇಲಿನ ಇನ್ನೂರು ಪದ ಕಣ್ಣಿಂದ ಓದಿ. ಕನ್ನಡ ಬಲ್ಲವರಿಗೆ ಎರಡು ನಿಮಿಷ ಸಾಕು.

---

ತಲಕಟ್ಟು

ಇದೇ ಜಾತಿಯ ತೊಂದರೆ ಇನ್ನೆರಡು ಕಡೆ ಇದೆ, ಎರಡೂ ಬಹಳ ಜನ ಬಳಸುವವು.

ಮೊದಲನೆಯದು ಬರ್ಟ್ ಎಂಬ ಭಾಷಾ ಮಾಡೆಲ್. ನೂರಕ್ಕೂ ಹೆಚ್ಚು ಭಾಷೆಗಳ ಬಹುಭಾಷಾ ಬರ್ಟ್‌ನಲ್ಲಿ ಕನ್ನಡ ಇದೆ. ಅದರಲ್ಲಿ ದೊಡ್ಡಕ್ಷರ ಉಳಿಸಿಕೊಳ್ಳುವ ಆವೃತ್ತಿ, ಎಲ್ಲವನ್ನೂ ಚಿಕ್ಕಕ್ಷರ ಮಾಡುವ ಆವೃತ್ತಿ ಎಂದು ಎರಡು. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ, ಯಾವುದಾದರೇನು ಅನ್ನಿಸುತ್ತದೆ. ಆದರೆ ಚಿಕ್ಕಕ್ಷರದ ಆವೃತ್ತಿ ಯುರೋಪಿನ ಭಾಷೆಗಳ ಸ್ವರಚಿಹ್ನೆ (é ಮೇಲಿನ ಗೆರೆಯಂಥದು) ತೆಗೆಯಲು ಪಠ್ಯವನ್ನು ಬಿಡಿಸಿ, ‘ಜಾಗ ತೆಗೆದುಕೊಳ್ಳದ ಗುರುತು’ ಎಂಬ ವರ್ಗವನ್ನೆಲ್ಲ ಅಳಿಸುತ್ತದೆ. ನಮ್ಮ ಿ, ೆ, ೌ, ್ ನಾಲ್ಕೂ ಆ ವರ್ಗದವು. ‘ಕಿವಿ’ ಹೋಗಿ ‘ಕವ’, ‘ಕವಿ’ ಹೋಗಿ ‘ಕವ’. ‘ಕೆರೆ’, ‘ಕರೆ’, ‘ಕಿರಿ’ ಮೂರೂ ‘ಕರ’. ಾ, ು, ೂ ಬೇರೆ ವರ್ಗದವಾದ್ದರಿಂದ ಉಳಿಯುತ್ತವೆ, ಅದಕ್ಕೇ ಮೇಲ್ನೋಟಕ್ಕೆ ಪಠ್ಯ ಸುಮಾರಾಗಿ ಸರಿಯಿದೆ ಅನ್ನಿಸಿ ಮೋಸ ಹೋಗುತ್ತೇವೆ. ಇಂಥ ಮಾಡೆಲ್ ಬಳಸಲು ಇರುವ ಹಗ್ಗಿಂಗ್ ಫೇಸ್ ಲೈಬ್ರರಿಯಲ್ಲಿ ಸ್ವರಚಿಹ್ನೆ ತೆಗೆಯುವ ಆಯ್ಕೆಯನ್ನು ಬೇರೆಯಾಗಿ ಹೇಳದಿದ್ದರೆ ಅದು ಚಿಕ್ಕಕ್ಷರದ ಆಯ್ಕೆಯನ್ನೇ ಅನುಸರಿಸುತ್ತದೆ. ಎರಡನ್ನೂ ‘ಬೇಡ’ ಎಂದು ಬರೆದೇ ಇಡಿ.

ಎರಡನೆಯದು ವಿಸ್ಪರ್, 2022ರ ಸೆಪ್ಟೆಂಬರ್‌ನಲ್ಲಿ ಬಂದ ಧ್ವನಿ ಗುರುತಿಸುವ ಮಾಡೆಲ್. ಮಾಡೆಲ್ ವಿಷಯ ಅಲ್ಲ, ಅದರ ಜೊತೆ ಬರುವ ಪಠ್ಯ ನಾರ್ಮಲೈಸರ್ (ಪಠ್ಯವನ್ನು ಒಂದೇ ರೂಪಕ್ಕೆ ತರುವ ಕೋಡ್) ವಿಷಯ. ಇಂಗ್ಲಿಷ್ ಬಿಟ್ಟು ಉಳಿದ ಭಾಷೆಗಳಿಗೆ ಇರುವ ಮೂಲ ನಾರ್ಮಲೈಸರ್ ಗುರುತು, ಸಿಂಬಲ್, ಲೇಖನ ಚಿಹ್ನೆ (ಅಲ್ಪವಿರಾಮದಂಥವು) ಮೂರೂ ವರ್ಗಗಳ ಜಾಗದಲ್ಲಿ ಖಾಲಿ ಜಾಗ ಇಡುತ್ತದೆ. ‘ಕಾಲು’ ಕೊಟ್ಟರೆ ‘ಕ ಲ’. ‘ಕೋಲು’ ಕೊಟ್ಟರೂ ‘ಕ ಲ’. ‘ಕೂಲಿ’ಯೂ ‘ಕ ಲ’. ಮಾಡೆಲ್ ಕಾಲನ್ನು ಕೋಲು ಎಂದು ಬರೆದರೂ ಪದದೋಷದ ಪ್ರಮಾಣ (ತಪ್ಪಾದ ಪದಗಳ ಪಾಲು) ಸೊನ್ನೆ ಬರುತ್ತದೆ! ಕನ್ನಡದ ಅಂಕ ಚೆನ್ನಾಗಿದೆ ಎಂದು ಎಲ್ಲಾದರೂ ಓದಿದರೆ, ಯಾವ ನಾರ್ಮಲೈಸರ್ ಹಾಕಿ ಅಳೆದರು ಎಂದು ಮೊದಲು ಕೇಳಿ. ಅಳೆಯುವಾಗ ಲೇಖನ ಚಿಹ್ನೆಗಳನ್ನು ಮಾತ್ರ ತೆಗೆಯುವ ಐದು ಸಾಲಿನ ನಾರ್ಮಲೈಸರ್ ಬರೆದುಕೊಂಡರೆ ಆಯಿತು.

---

ಹೊಸಓದು

ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಬರಹರೂಪಗಳನ್ನು ಒಂದು ಮಾಡುವ ಯೂನಿಕೋಡ್ ನಿಯಮ) ಹಾಕಿದರೆ ಯೂನಿಕೋಡ್ ತೊಂದರೆಗಳೆಲ್ಲ ಬಗೆಹರಿಯುತ್ತವೆ ಎಂದು ಕೇಳಿದ್ದೇನೆ. ಕನ್ನಡಕ್ಕೆ ಅಷ್ಟು ಸಾಕೇ?

---

ಅರ್ಕಾವತ್ತು

ಬೇಕೇ ಬೇಕು, ಆದರೆ ಸಾಲದು. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಸ್ವಲ್ಪ ಬಿಡಿಸಿ ಹೇಳಬೇಕು.

ಕನ್ನಡದ ಐದು ಗುಣಿತ ಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು: ೀ, ೇ, ೈ, ೊ, ೋ. ಉದಾಹರಣೆಗೆ ೋ ಒಂದೇ ಸಂಕೇತವಾಗಿ 3275. ಅದನ್ನೇ 3270 (ೆ), 3266 (ೂ), 3285 (ದೀರ್ಘದ ಗುರುತು) ಎಂಬ ಮೂರು ಸಂಕೇತವಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ‘ಕೋ’ ಒಂದು ಕಡೆ 6 ಬೈಟ್, ಇನ್ನೊಂದು ಕಡೆ 12 ಬೈಟ್. ಎನ್‌ಎಫ್‌ಸಿ ಇವನ್ನು ಕೂಡಿಸಿ ಒಂದು ಮಾಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಅದು ಮುಟ್ಟದೆ ಬಿಡುವವು ಇವು:

ಚಿಹ್ನೆಗಳ ಕ್ರಮ ತಿರುವುಮುರುವಾದರೆ, ಅಂದರೆ ೂ ಮೊದಲು ಬಂದು ೆ ಆಮೇಲೆ ಬಂದರೆ, ಸರಿಪಡಿಸುವುದಿಲ್ಲ. ಒಂದೇ ಚಿಹ್ನೆ ಎರಡು ಸಲ ಬಂದರೂ ಹಾಗೇ ಬಿಡುತ್ತದೆ.

ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ. ಇದು ಅಂತರ್ಜಾಲದ ಕನ್ನಡದಲ್ಲಿ ಊಹಿಸಿದ್ದಕ್ಕಿಂತ ಹೆಚ್ಚಿದೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಅನೇಕ ಫಾಂಟ್‌ಗಳಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಮೊದಲನೆಯದರಲ್ಲಿರುವುದು 3202, ಎರಡನೆಯದರಲ್ಲಿ 3302. ಸರಿಯಾಗಿ ನೂರರ ಅಂತರ, ನೆನಪಿಡುವುದಕ್ಕೂ ಸುಲಭ. ನಿಯಮ ಹೀಗೆ ಬರೆಯಿರಿ: 3302ರ ಹಿಂದೆ ಕನ್ನಡ ವ್ಯಂಜನ, ಸ್ವರ ಅಥವಾ ಗುಣಿತ ಚಿಹ್ನೆ ಇದ್ದು, ಮುಂದೆ ಅಂಕಿ ಇಲ್ಲದಿದ್ದರೆ ಅದನ್ನು 3202 ಮಾಡಿ. ಹಿಂದೆ ಅಂಕಿ ಇದ್ದರೆ (೧೦, ೨೦) ಮುಟ್ಟಬೇಡಿ. ತಿರುಗಾಮುರುಗಾ ತಪ್ಪೂ ಇದೆ, ಅಂಕಿ ಆದ ಕೂಡಲೇ ಅನುಸ್ವಾರ ಹಾಕಿ ‘೨ಂ’ ಎಂದು ಬರೆದಿರುತ್ತಾರೆ. ಅದಕ್ಕೆ ಉಲ್ಟಾ ನಿಯಮ.

ತೆಲುಗು ಅಕ್ಷರ ಕಲಬೆರಕೆ. ಒಸಿಆರ್‌ನಿಂದ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರದಿಂದ) ಬಂದ ಪಠ್ಯದಲ್ಲಿ ಕನ್ನಡ ಪದದ ನಡುವೆ ತೆಲುಗಿನ ఠ, ంಗಳು ನುಸುಳಿರುತ್ತವೆ. ತೆಲುಗು ಬ್ಲಾಕ್ 3072ರಿಂದ 3199. ಎರಡು ಬ್ಲಾಕ್‌ಗಳು ಸಮಾನಾಂತರವಾಗಿ ಜೋಡಿಸಿದವಾದ್ದರಿಂದ ಸಾಮಾನ್ಯ ಅಕ್ಷರಗಳಿಗೆ 128 ಕೂಡಿಸಿದರೆ ಕನ್ನಡದ್ದು ಸಿಗುತ್ತದೆ. ಇಡೀ ಪದ ತೆಲುಗಾಗಿದ್ದರೆ ಬಿಡಿ. ಒಂದೇ ಪದದಲ್ಲಿ ಎರಡೂ ಬೆರೆತಿದ್ದರೆ ಮಾತ್ರ ಬದಲಿಸಿ.

ಕೊನೆಯದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು: ಕಾಣದ ಎರಡು ಸಂಕೇತಗಳು. 8204 (ಜೋಡಿಸಬೇಡ ಎನ್ನುವುದು) ಮತ್ತು 8205 (ಜೋಡಿಸು ಎನ್ನುವುದು). ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಆದ ಮೇಲೆ 8204 ಇದೆ. ಅದನ್ನು ತೆಗೆದರೆ ‘ಸಾಫ್ಟ್ವೇರ್’, ಟ ಕೆಳಗೆ ವ ಒತ್ತು ಬಂದು ಕೂರುತ್ತದೆ. ‘ರ‍್ಯಾಂಕ್’ ಪದದಲ್ಲಿ ರ ಆದ ಮೇಲೆ, ವಿರಾಮ ಚಿಹ್ನೆಗೆ ಮುಂಚೆ 8205 ಇದೆ. ತೆಗೆದರೆ ‘ರ್ಯಾಂಕ್’, ಅರ್ಕಾವತ್ತು ಬಂದುಬಿಡುತ್ತದೆ. ಇವೆರಡೂ ‘ಫಾರ್ಮ್ಯಾಟ್ ಸಂಕೇತ’ ವರ್ಗದವು. ಕಸ ತೆಗೆಯುತ್ತೇನೆ ಎಂದು ಆ ವರ್ಗವನ್ನೇ ಅಳಿಸುವ ಸ್ಕ್ರಿಪ್ಟ್‌ಗಳು ಬಹಳ. ಭಾರತೀಯ ಭಾಷೆಗಳಿಗೆಂದೇ ಮಾಡಿದ ನಾರ್ಮಲೈಸರ್‌ಗಳಲ್ಲೂ ಕೆಲವು ಹೀಗೆ ಮಾಡುತ್ತವೆ. ಅಂಥ ಪಠ್ಯದಲ್ಲಿ ಕಲಿತ ಮಾಡೆಲ್ ಜೀವನಪೂರ್ತಿ ‘ಸಾಫ್ಟ್ವೇರ್’ ಎಂದೇ ಬರೆಯುತ್ತದೆ.

---

ದೀರ್ಘ

8204, 8205 ಉಳಿಸಬೇಕು ಎನ್ನುವುದನ್ನು ಹುಡುಕಾಟದ ಕೆಲಸಕ್ಕೆ ಒಪ್ಪಲಾರೆ. ಜನ ‘ಸಾಫ್ಟ್‌ವೇರ್’ ಎಂದು ಮೊಬೈಲ್‌ನಲ್ಲಿ ಟೈಪ್ ಮಾಡುವಾಗ 8204 ಬರುವುದು ಕೀಬೋರ್ಡ್ ಮೇಲೆ ಅವಲಂಬಿತ. ಹೆಚ್ಚಿನವರಿಗೆ ಆ ಕೀಲಿ ಎಲ್ಲಿದೆ ಎಂದೂ ತಿಳಿಯದು. ಇಂಡೆಕ್ಸ್‌ನಲ್ಲಿ ಅದನ್ನು ಉಳಿಸಿಕೊಂಡರೆ 11 ಸಂಕೇತದ ಪದ ಒಂದು, 10 ಸಂಕೇತದ ಪದ ಇನ್ನೊಂದು. ಹುಡುಕಿದವರಿಗೆ ಅರ್ಧ ಫಲಿತಾಂಶ ಸಿಗುವುದಿಲ್ಲ. ಧ್ವನಿ ಗುರುತಿಸುವ ಮಾಡೆಲ್‌ನ ಪದದೋಷ ಅಳೆಯುವಾಗಲೂ ಅಷ್ಟೇ, ಕಿವಿಗೆ ಕೇಳಿಸದ ಸಂಕೇತಕ್ಕೆ ಮಾಡೆಲ್‌ಗೆ ಶಿಕ್ಷೆ ಕೊಡುವುದು ನ್ಯಾಯವಲ್ಲ.

---

ಅರ್ಕಾವತ್ತು

ಒಪ್ಪಿದೆ, ಇಲ್ಲಿ ಎರಡು ಬೇರೆ ಪಠ್ಯ ಇಟ್ಟುಕೊಳ್ಳಬೇಕು. ಹುಡುಕಾಟದ ಇಂಡೆಕ್ಸ್, ನಕಲು ಪತ್ತೆ, ಪದದೋಷದ ಲೆಕ್ಕ ಇವಕ್ಕೆ ಎರಡೂ ಕಡೆ ತೆಗೆದು ಹೋಲಿಸಿ. ಪಠ್ಯ ಬರೆಯುವ ಮಾಡೆಲ್‌ಗೆ ಕಲಿಸುವ ಪಠ್ಯದಲ್ಲಿ ಮಾತ್ರ ಉಳಿಸಿ. ಉಳಿಸುವಾಗಲೂ ಜರಡಿ ಬೇಕು: 8204 ಸಾರ್ಥಕವಾಗುವುದು ವಿರಾಮ ಚಿಹ್ನೆ ಆದ ಕೂಡಲೇ ಬಂದು, ಮುಂದೆ ವ್ಯಂಜನ ಇದ್ದಾಗ. 8205 ಬೇಕಾಗುವುದು ರ ಮತ್ತು ವಿರಾಮ ಚಿಹ್ನೆಯ ನಡುವೆ. ಪದದ ಕೊನೆಯಲ್ಲಿ, ಖಾಲಿ ಜಾಗದ ಪಕ್ಕದಲ್ಲಿ ತೂಗುತ್ತಿರುವವನ್ನು ಧೈರ್ಯವಾಗಿ ಅಳಿಸಿ. ಹಳೆಯ ಬರಹಗಳಲ್ಲಿ 8205 ವಿರಾಮ ಚಿಹ್ನೆಯ ಆಚೆ ಬದಿಗೆ ಇರುವುದುಂಟು, ಅದನ್ನು ಈಚೆಗೆ ತನ್ನಿ.

---

ಹಳೆಕಡತ

ಯೂನಿಕೋಡ್ ಪಠ್ಯದ ಮಾತಾಯಿತು. ಕನ್ನಡದ ಎಷ್ಟೋ ಒಳ್ಳೆಯ ಗದ್ಯ ಇನ್ನೂ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್ ಕಡತಗಳಲ್ಲೇ ಕೂತಿದೆ: ಪುಸ್ತಕಗಳ ಡಿಟಿಪಿ ಪ್ರತಿಗಳು, ಪತ್ರಿಕೆಗಳ ಪುಟಗಳು, ಸರ್ಕಾರಿ ಸುತ್ತೋಲೆಗಳು. ಅದನ್ನು ಹೊರತೆಗೆಯುವ ಕೆಲಸ ಮಾಡೆಲ್ ಕಟ್ಟುವುದಕ್ಕಿಂತ ಕಡಿಮೆ ಮುಖ್ಯವೇನಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನುಡಿಯ ಆಸ್ಕಿ ಫಾಂಟ್‌ನಲ್ಲಿ ಸಂಖ್ಯೆ ಸೂಚಿಸುವುದು ಅಕ್ಷರವನ್ನಲ್ಲ, ಅಚ್ಚಿನ ಚೂರನ್ನು. ‘ಕನ್ನಡ’ ಅಲ್ಲಿ ಏಳು ಬೈಟ್: 80, 192, 163, 192, 223, 113, 192. ಇದರಲ್ಲಿ 80 ತಲಕಟ್ಟಿಲ್ಲದ ಕ, 163 ತಲಕಟ್ಟಿಲ್ಲದ ನ, 113 ತಲಕಟ್ಟಿಲ್ಲದ ಡ, ಮೂರು ಸಲ ಬಂದ 192 ತಲಕಟ್ಟು, 223 ನ ಒತ್ತು. ಅದೇ ಪದ ಯುಟಿಎಫ್-8ರಲ್ಲಿ (ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 15 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ.

ಒಂದಕ್ಕೊಂದು ಬದಲಿಸುತ್ತ ಹೋದರೆ ಮೂರು ಕಡೆ ಎಡವುತ್ತೀರಿ.

ಮ ಮತ್ತು ವು. ‘ಮ’ ಅಲ್ಲಿ 170, 192, 196. ಇದರ ಮೊದಲ ಎರಡು ಚೂರು ಸೇರಿದರೆ ‘ವ’! 196 ಉಳಿದ ಕಡೆಗಳಲ್ಲಿ ಕೊಂಬು. ಹಾಗಾಗಿ ಚಿಕ್ಕ ಜೋಡಿಯನ್ನು ಮೊದಲು ಬದಲಿಸುವ ಪರಿವರ್ತಕ ‘ಮತ್ತು’ ಪದವನ್ನು ‘ವುತ್ತು’ ಮಾಡುತ್ತದೆ. ನಿಜವಾದ ‘ವು’ 170, 192, 197. ಪಟ್ಟಿಯನ್ನು ಯಾವಾಗಲೂ ಉದ್ದದಿಂದ ಗಿಡ್ಡಕ್ಕೆ ಜೋಡಿಸಿಕೊಳ್ಳಿ.

ಅರ್ಕಾವತ್ತು. ‘ಕರ್ನಾಟಕ’ ನುಡಿಯಲ್ಲಿ 80, 192, 163, 193, 240, 108, 80, 192. ಅರ್ಕಾವತ್ತಿನ 240 ಬರುವುದು ‘ನಾ’ ಆದ ಮೇಲೆ, ಕೈಬರಹದಲ್ಲಿ ಬರೆಯುವ ಕ್ರಮದಲ್ಲೇ. ಯೂನಿಕೋಡ್‌ನಲ್ಲಿ ‘ರ್’ ಇರಬೇಕಾದ್ದು ‘ನಾ’ಗಿಂತ ಮುಂಚೆ. 240 ಸಿಕ್ಕ ಕೂಡಲೇ ಹಿಂದಕ್ಕೆ ನಡೆದು ಆ ಇಡೀ ಅಕ್ಷರದ ಆರಂಭಕ್ಕೆ ಹೋಗಿ, ಒತ್ತು ಇದ್ದರೆ ಅದನ್ನೂ ದಾಟಿ, ಅಲ್ಲಿ ‘ರ್’ ಸೇರಿಸಬೇಕು. ಒಂದೇ ಹೆಜ್ಜೆ ಹಿಂದೆ ಹೋಗುವ ಪರಿವರ್ತಕಗಳು ‘ಅರ್ಘ್ಯ’ದಂಥ ಪದಗಳಲ್ಲಿ ಸೋಲುತ್ತವೆ.

ನಡುವೆ ಬರುವ ಇಂಗ್ಲಿಷ್. ಅದೇ ಕಡತದಲ್ಲಿ ಇಂಗ್ಲಿಷ್ ಪದ ಬೇರೆ ಫಾಂಟ್‌ನಲ್ಲಿರುತ್ತದೆ. ಸುಮ್ಮನೆ ಪಠ್ಯ ಎತ್ತಿಕೊಂಡರೆ ಫಾಂಟಿನ ಮಾಹಿತಿ ಹೋಗುತ್ತದೆ, ಆಮೇಲೆ ಇಂಗ್ಲಿಷಿನ ಪಿ ಎಲ್ಲ ಕ್ ಆಗಿ ಹೋಗುತ್ತವೆ. ವರ್ಡ್‌ನ .docx ಕಡತವಾದರೆ ಅದನ್ನು ಜಿಪ್ ಎಂದು ಬಿಚ್ಚಿ ಒಳಗಿನ ಎಕ್ಸ್‌ಎಂಎಲ್ ಓದಿ. ಪ್ರತಿ ತುಣುಕಿಗೂ ಫಾಂಟ್ ಹೆಸರು ಅಲ್ಲೇ ಇರುತ್ತದೆ, ಇಲ್ಲದಿದ್ದರೆ ಪ್ಯಾರಾದ ಸ್ಟೈಲ್‌ನಿಂದ ಬರುತ್ತದೆ. ನುಡಿ ಫಾಂಟ್ ಇರುವ ತುಣುಕನ್ನು ಮಾತ್ರ ಪರಿವರ್ತಿಸಿ.

ಇನ್ನೊಂದು ಮಾತು: ಓದುವಾಗ ವಿಂಡೋಸ್-1252 ಎಂದೇ ಓದಿ. ಲ್ಯಾಟಿನ್-1 ಎಂದು ಓದಿದರೆ 128ರಿಂದ 159ರವರೆಗಿನ ಬೈಟ್‌ಗಳು ನಿಯಂತ್ರಣ ಸಂಕೇತಗಳಾಗಿ, ಮುಂದಿನ ಶುದ್ಧೀಕರಣದಲ್ಲಿ ಮಾಯವಾಗುತ್ತವೆ.

---

ಹೊಸಓದು

ಪಿಡಿಎಫ್ ಮಾತ್ರ ಇದ್ದರೆ?

---

ಹಳೆಕಡತ

ನುಡಿ ಫಾಂಟ್ ಇರುವ ಪಿಡಿಎಫ್ ಆದರೆ ಮೇಲಿನ ದಾರಿಯೇ, ಫಾಂಟ್ ಹೆಸರು ಸಮೇತ ತುಣುಕು ಕೊಡುವ ಲೈಬ್ರರಿ ಬಳಸಿ. ಯೂನಿಕೋಡ್ ಫಾಂಟ್‌ನ ಪಿಡಿಎಫ್ ಇನ್ನೂ ಕಷ್ಟ, ಇದು ಕೇಳುವುದಕ್ಕೆ ವಿಚಿತ್ರ. ಅದರೊಳಗೆ ಇರುವುದು ಅಕ್ಷರವಲ್ಲ, ಜೋಡಿಸಿ ಮುಗಿದ ಚಿತ್ರಗಳ ಸಂಖ್ಯೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಅವನ್ನು ಯೂನಿಕೋಡ್‌ಗೆ ತಿರುಗಿಸುವ ಪಟ್ಟಿ ಒತ್ತಕ್ಷರಗಳಿಗೆ ಬಹಳ ಸಲ ಅಪೂರ್ಣ. ‘3285’ ಒಂಟಿಯಾಗಿ ಖಾಲಿ ಜಾಗದ ಪಕ್ಕ ತೇಲುತ್ತಿದ್ದರೆ ಪಠ್ಯ ಹೀಗೆ ಬಂದದ್ದು ಎಂದು ತಿಳಿಯಿರಿ. ಅಂಥದ್ದಕ್ಕೆ ಪುಟವನ್ನು 300 ಡಿಪಿಐ ಚಿತ್ರ ಮಾಡಿ ಒಸಿಆರ್ ತಂತ್ರಾಂಶವಾದ ಟೆಸರಾಕ್ಟ್‌ಗೆ ಕೊಡುವುದೇ ಲೇಸು. ‘ಬೆಸ್ಟ್’ ಎಂಬ ಹೆಸರಿನ ಕನ್ನಡ ಮಾಡೆಲ್ ಹಾಕಿ. ಎರಡು ಕಾಲಮ್ ಇದ್ದರೆ ಮೊದಲೇ ಕತ್ತರಿಸಿ ಒಂದೊಂದಾಗಿ ಕೊಡಿ. ಮ/ವು, ಪ/ಷ, ಘ/ಫ, ಒತ್ತಿನ ತ/ನ ಇವು ತಪ್ಪುವ ಜಾಗಗಳು, ಪದಪಟ್ಟಿಯೊಂದಿಗೆ ತಾಳೆ ನೋಡಿ.

---

ಒತ್ತಕ್ಷರ

ಈಗ ದೊಡ್ಡ ಮಾಡೆಲ್‌ಗಳ ಟೋಕನೈಸರ್‌ಗೆ ಬರೋಣ. ಕನ್ನಡಕ್ಕೆ ಟೋಕನ್ ಹೆಚ್ಚು ಖರ್ಚಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ‘ಕನ್ನಡ ಪಠ್ಯ ಕಡಿಮೆ ಇತ್ತು’ ಎನ್ನುವುದು ಅರ್ಧ ಕಾರಣ ಮಾತ್ರ. ಇನ್ನರ್ಧ ಮೊದಲ ಬರಹದಲ್ಲಿ ಹೇಳಿದ್ದೇ.

ಜಿಪಿಟಿ-2ರಲ್ಲಿ (2019) ಬಿಪಿಇ (ಮತ್ತೆ ಮತ್ತೆ ಜೊತೆಯಾಗಿ ಬರುವ ಚೂರುಗಳನ್ನು ಕೂಡಿಸಿ ಟೋಕನ್ ಮಾಡುವ ವಿಧಾನ) ಶುರುವಾಗುವ ಮೊದಲು ಒಂದು ರೆಜೆಕ್ಸ್ ಪಠ್ಯವನ್ನು ತುಂಡು ಮಾಡುತ್ತದೆ: ಅಕ್ಷರಗಳ ಸಾಲು ಒಂದು ತುಂಡು, ಅಂಕಿಗಳ ಸಾಲು ಒಂದು, ಉಳಿದದ್ದು ಒಂದು. ಗುಣಿತ ಚಿಹ್ನೆಗಳು ‘ಉಳಿದದ್ದು’ ಗುಂಪಿಗೆ, ಅಂದರೆ ಅಲ್ಪವಿರಾಮ, ಆಶ್ಚರ್ಯಸೂಚಕಗಳ ಸಾಲಿಗೆ ಹೋಗುತ್ತವೆ. ‘ಕನ್ನಡ’ ಅಲ್ಲಿ ‘ಕನ’, ‘್’, ‘ನಡ’. ಬಿಪಿಇ ಈ ತುಂಡುಗಳ ಗಡಿ ದಾಟಿ ಕೂಡಿಸುವುದಿಲ್ಲ. ಅಂದ ಮೇಲೆ ಕೋಟಿ ಪುಟ ಕನ್ನಡ ಕೊಟ್ಟರೂ, ಪದಪಟ್ಟಿಯನ್ನು ಹತ್ತು ಲಕ್ಷಕ್ಕೆ ಏರಿಸಿದರೂ ‘ಕನ್ನಡ’ ಒಂದು ಟೋಕನ್ ಆಗಲಾರದು. ಜಿಪಿಟಿ-4 ಕಾಲದ ಒಂದು ಲಕ್ಷದ ಪದಪಟ್ಟಿಯಲ್ಲಿ ನಿಯಮ ತುಸು ಸಡಿಲ: ಅಕ್ಷರಸಾಲಿನ ಮುಂದೆ ಬೇರೆ ವರ್ಗದ್ದು ಒಂದು ಇರಬಹುದು. ಅಲ್ಲಿ ‘ಕನ’, ‘್ನಡ’. ಮೆಟಾದ ಮಾಡೆಲ್ ಲಾಮಾ 3 ಕೂಡ ಅದೇ ನಿಯಮದ ಮೇಲೆ ನಿಂತಿದೆ. 2024ರ ಮೇ ತಿಂಗಳಲ್ಲಿ ಬಂದ ಜಿಪಿಟಿ-4ಒ ಜೊತೆಗಿನ ಎರಡು ಲಕ್ಷದ ಪದಪಟ್ಟಿಯಲ್ಲಿ ‘ಗುರುತು’ ವರ್ಗವನ್ನು ಅಕ್ಷರಗಳ ಜೊತೆ ಸೇರಿಸಿದರು. ಆಗ ಪ್ರಕಟಿಸಿದ ಉದಾಹರಣೆ ವಾಕ್ಯಗಳಲ್ಲಿ ಗುಜರಾತಿಗೆ 4.4 ಪಟ್ಟು, ತೆಲುಗಿಗೆ 3.5 ಪಟ್ಟು ಕಡಿಮೆ ಟೋಕನ್ ಬಂತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ಆದರೆ ಅಡ್ಡಿಯಾಗಿದ್ದ ಗೋಡೆ ಕನ್ನಡಕ್ಕೂ ಅದೇ.

ಅಳೆಯುವುದು ಹೇಗೆ: ಅನುವಾದ ಅಳೆಯಲು ಮಾಡಿದ ಫ್ಲೋರೆಸ್-200 ಸಂಗ್ರಹದ ಕನ್ನಡ ಪರೀಕ್ಷಾ ಭಾಗದಲ್ಲಿ 1012 ವಾಕ್ಯಗಳಿವೆ, ಅವೇ ವಾಕ್ಯಗಳು ಇಂಗ್ಲಿಷಿನಲ್ಲೂ ಇವೆ. ಕನ್ನಡದ ಒಟ್ಟು ಟೋಕನ್ ಭಾಗಿಸು ಒಟ್ಟು ಪದ, ಇದು ಒಂದು ಅಂಕ. ಕನ್ನಡದ ಟೋಕನ್ ಭಾಗಿಸು ಇಂಗ್ಲಿಷಿನ ಟೋಕನ್, ಇದು ಇನ್ನೊಂದು. ಎರಡನೆಯದೇ ನ್ಯಾಯವಾದ ಅಳತೆ, ಏಕೆಂದರೆ ‘ಮನೆಯಲ್ಲಿದ್ದವರಿಗೂ’ ಎಂಬ ನಮ್ಮ ಒಂದು ಪದ ಇಂಗ್ಲಿಷಿನ ಹಲವು ಪದಗಳ ಕೆಲಸ ಮಾಡುತ್ತದೆ. ಕೆಟ್ಟ ಪಕ್ಷ ಬೈಟ್ ಲೆಕ್ಕ: ‘ಬೆಂಗಳೂರಿನಲ್ಲಿ’ 13 ಸಂಕೇತ, 39 ಬೈಟ್. ಪದಕ್ಕೆ 8 ಟೋಕನ್ ಆದರೆ 8192ರ ಕಿಟಕಿಯಲ್ಲಿ (ಮಾಡೆಲ್ ಒಮ್ಮೆಗೆ ನೋಡಬಲ್ಲ ಟೋಕನ್‌ಗಳ ಮಿತಿ) 1024 ಪದ ಹಿಡಿಯುತ್ತದೆ. ಪದಕ್ಕೆ 2.5 ಆದರೆ ಸುಮಾರು 3276 ಪದ. ಹಣದ ಲೆಕ್ಕವೂ ಅದೇ ಪ್ರಮಾಣದಲ್ಲಿ.

---

ದೀರ್ಘ

ಹಾಗಾದರೆ ಹೊಸ ಕನ್ನಡ ಟೋಕನೈಸರ್ ಮಾಡುವಾಗ ಅಕ್ಷರದ ನಡುವೆ ಎಂದೂ ಕತ್ತರಿ ಬೀಳದಂತೆ ನೋಡಿಕೊಂಡರೆ ಒಳ್ಳೆಯದಲ್ಲವೇ? ಗುಣಿತ ಚಿಹ್ನೆಯಿಂದ ಶುರುವಾಗುವ ಟೋಕನ್ ಓದುವುದಕ್ಕೇ ಬಾರದು, ತೆರೆಯ ಮೇಲೆ ಚುಕ್ಕಿವೃತ್ತದ ಜೊತೆ ಕಾಣುತ್ತದೆ.

---

ತಲಕಟ್ಟು

ಇಲ್ಲೇ ಕನ್ನಡ ವ್ಯಾಕರಣ ಬೇರೆ ಮಾತು ಹೇಳುತ್ತದೆ. ಊರು + ಇಂದ = ಊರಿಂದ. ಲೋಪಸಂಧಿ. ಇದರಲ್ಲಿ ಪ್ರಕೃತಿ ಎಲ್ಲಿ ಮುಗಿದು ಪ್ರತ್ಯಯ ಎಲ್ಲಿ ಶುರುವಾಯಿತು? ‘ರಿ’ ಅಕ್ಷರದ ಒಳಗೇ. ಸಂಕೇತಗಳ ಮಟ್ಟದಲ್ಲಿ ನೋಡಿದರೆ ‘ಊರ’ ಮತ್ತು ‘ಿಂದ’. ಆ ‘ಿಂದ’ ಎಂಬ ಚೂರು ಊರಿಂದ, ಕಾಡಿಂದ, ಮನೆಯಿಂದ, ನೀರಿನಿಂದ ಎಲ್ಲದರಲ್ಲೂ ಇದೆ. ಮಾಡೆಲ್‌ಗೆ ತೃತೀಯಾ ವಿಭಕ್ತಿಯ ಅರ್ಥ ಕಲಿಯಲು ಒಂದೇ ಟೋಕನ್ ಸಾವಿರಾರು ಕಡೆ ಸಿಗುತ್ತದೆ. ಅಕ್ಷರವನ್ನು ಒಡೆಯಬಾರದು ಎಂದು ಕಟ್ಟು ಹಾಕಿದರೆ ‘ರಿಂದ’, ‘ಡಿಂದ’, ‘ಯಿಂದ’, ‘ನಿಂದ’ ಬೇರೆ ಬೇರೆ ಟೋಕನ್ ಆಗಿ ಪದಪಟ್ಟಿ ತುಂಬುತ್ತವೆ, ಪ್ರತಿಯೊಂದೂ ಅದೇ ಪಾಠವನ್ನು ಮೊದಲಿಂದ ಕಲಿಯಬೇಕು. ಕಣ್ಣಿಗೆ ಚಂದ ಕಾಣದಿದ್ದರೂ ಗುಣಿತದಿಂದ ಶುರುವಾಗುವ ಟೋಕನ್ ಕನ್ನಡದ ಸ್ವಭಾವಕ್ಕೆ ಒಗ್ಗುತ್ತದೆ.

ವಿರಾಮ ಚಿಹ್ನೆಯ ವಿಷಯ ಬೇರೆ. ಅದರ ಹಿಂದೆ ಮುಂದೆ ಕತ್ತರಿಸಿದರೆ ಒತ್ತಕ್ಷರ ಮುರಿಯುತ್ತದೆ, ಬದಲಿಗೆ ಸಿಗುವ ಲಾಭ ಕಡಿಮೆ. ಗುಣಿತದ ಮುಂಚೆ ಕತ್ತರಿಸಲು ಬಿಡಿ, ವಿರಾಮ ಚಿಹ್ನೆಯ ಎರಡೂ ಬದಿ ಬೇಡ. ಇದು ನಡುವಿನ ದಾರಿ, ಕನ್ನಡಕ್ಕೆ ಸರಿಹೊಂದುವ ದಾರಿ ಎಂದೂ ನನ್ನ ಎಣಿಕೆ.

---

ಅರ್ಕಾವತ್ತು

ಇದಕ್ಕೆ ಸೇರಿದ ಒಂದು ಎಚ್ಚರಿಕೆ. ‘ಅಕ್ಷರ’ ಎಣಿಸಲು ಯೂನಿಕೋಡ್‌ನ ಸಿದ್ಧ ನಿಯಮವನ್ನು ನಂಬಬೇಡಿ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ ಬಂತು. ಆದರೆ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆರಕ್ಕೆ. ಕನ್ನಡ ಅದರಲ್ಲಿ ಇರಲಿಲ್ಲ. ಹಾಗಾಗಿ ‘ಕನ್ನಡ’ ಆ ನಿಯಮದಲ್ಲಿ ಕ, ನ್, ನ, ಡ ಎಂದು ನಾಲ್ಕು ಆಗುತ್ತದೆ, ಮೂರಲ್ಲ. ವ್ಯಂಜನ, ಅದಾದ ಮೇಲೆ ಎಷ್ಟು ಬಾರಿಯಾದರೂ (ವಿರಾಮ + ವ್ಯಂಜನ), ಆಮೇಲೆ ಗುಣಿತ, ಅನುಸ್ವಾರ ಅಥವಾ ವಿಸರ್ಗ ಎಂದು ನಿಮ್ಮದೇ ರೆಜೆಕ್ಸ್ ಬರೆದುಕೊಳ್ಳಿ. ನುಕ್ತಾ (3260) ಮರೆಯಬೇಡಿ, ಫ಼ ಮತ್ತು ಜ಼ ಬರೆಯುವುದು ಅದರಿಂದಲೇ. ವ್ಯಂಜನಗಳ ಪಟ್ಟಿಯಲ್ಲಿ ಹಳಗನ್ನಡದ ಱ (3249), ೞ (3294) ಕೂಡ ಇರಲಿ. ೞಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಎಫ್‌ಎ’ ಎಂಬ ಹೆಸರಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲವಾದ್ದರಿಂದ ಹಾಗೇ ಉಳಿದಿದೆ. ಹೆಸರಿನಿಂದ ಹುಡುಕುವವರು ಅದನ್ನು ಬಿಟ್ಟುಬಿಡುತ್ತಾರೆ, ಹಳಗನ್ನಡ ಪಠ್ಯ ಕೆಡುತ್ತದೆ.

---

ಹೊಸಓದು

ಇರುವ ಮಾಡೆಲ್‌ಗೆ ಕನ್ನಡ ಟೋಕನ್ ಸೇರಿಸುವುದು ಲಾಭವೇ?

---

ಒತ್ತಕ್ಷರ

ಲೆಕ್ಕ ಹಾಕಿ ನೋಡಿ. 20,000 ಹೊಸ ಟೋಕನ್, 4096 ಅಗಲದ ಮಾಡೆಲ್ (ಪ್ರತಿ ಟೋಕನ್‌ಗೆ 4096 ಸಂಖ್ಯೆಗಳು), ಒಳಬರುವ ಮತ್ತು ಹೊರಹೋಗುವ ಪಟ್ಟಿ ಬೇರೆ ಬೇರೆ ಇದ್ದರೆ 16 ಕೋಟಿ 38 ಲಕ್ಷ 40 ಸಾವಿರ ಹೊಸ ತೂಕಗಳು. 16 ಬಿಟ್‌ನಲ್ಲಿ ಸುಮಾರು 328 ಎಂಬಿ. ಜಾಗ ದೊಡ್ಡ ಸಮಸ್ಯೆಯಲ್ಲ, ಆ ತೂಕಗಳು ಏನನ್ನೂ ಕಲಿತಿಲ್ಲ ಎನ್ನುವುದು ಸಮಸ್ಯೆ. ಪ್ರತಿ ಹೊಸ ಟೋಕನ್‌ಗೂ ಹಳೆಯ ಟೋಕನೈಸರ್ ಕೊಡುತ್ತಿದ್ದ ಚೂರುಗಳ ಸರಾಸರಿಯನ್ನು ಆರಂಭದ ಬೆಲೆಯಾಗಿ ಇಡಿ, ಯಾದೃಚ್ಛಿಕ ಸಂಖ್ಯೆ ಬೇಡ. ಆಮೇಲೆ ಸಾಕಷ್ಟು ಕನ್ನಡ ಗದ್ಯದ ಮೇಲೆ ತರಬೇತಿ ಮುಂದುವರಿಸಬೇಕು, ಹಳೆಯ ಭಾಷೆಗಳ ಪಠ್ಯವನ್ನೂ ಬೆರೆಸಿ, ಇಲ್ಲದಿದ್ದರೆ ಮೊದಲು ಬಲ್ಲದ್ದನ್ನು ಮರೆಯುತ್ತದೆ. ಕೈಯಲ್ಲಿ ಕೆಲವೇ ಸಾವಿರ ಪ್ರಶ್ನೋತ್ತರ ಇದ್ದು ಲೋರಾ (ಕೆಲವೇ ಹೆಚ್ಚುವರಿ ತೂಕಗಳಿಗೆ ತರಬೇತಿ ಕೊಡುವ ವಿಧಾನ) ಮಾಡುವುದಷ್ಟೇ ಉದ್ದೇಶವಾದರೆ ಟೋಕನೈಸರ್ ಮುಟ್ಟಬೇಡಿ.

ಸೆಂಟೆನ್ಸ್‌ಪೀಸ್‌ನಲ್ಲಿ (ಟೋಕನೈಸರ್ ಕಟ್ಟುವ ಸಾಧನ) ತರಬೇತಿ ಕೊಡುವುದಾದರೆ: ಅಕ್ಷರವ್ಯಾಪ್ತಿ (ಪಠ್ಯದ ಎಷ್ಟು ಪಾಲು ಅಕ್ಷರಗಳು ಪಟ್ಟಿಗೆ ಸೇರಬೇಕು ಎನ್ನುವುದು) ತಾನಾಗಿ 0.9995 ಇರುತ್ತದೆ, ಅಪರೂಪದ ೞ, ಱ, ಌ ಅದರಲ್ಲಿ ಉದುರುತ್ತವೆ. 1.0 ಮಾಡಿ ಅಥವಾ ಬೈಟ್ ಫಾಲ್‌ಬ್ಯಾಕ್ (ಪಟ್ಟಿಯಲ್ಲಿಲ್ಲದ್ದನ್ನು ಬೈಟ್‌ಗಳಾಗಿ ಬರೆಯುವುದು) ಹಾಕಿ, ಎರಡೂ ಮಾಡಿದರೆ ಇನ್ನೂ ಕ್ಷೇಮ. ನಾರ್ಮಲೈಸೇಷನ್ ನಿಯಮವನ್ನು ‘ಐಡೆಂಟಿಟಿ’ (ಇದ್ದದ್ದನ್ನು ಇದ್ದಂತೆ ಬಿಡುವುದು) ಮಾಡಿ, ಮೇಲೆ ಚರ್ಚಿಸಿದ ಶುದ್ಧೀಕರಣವನ್ನು ನೀವೇ ಹೊರಗೆ ಮಾಡಿ ಕೊಡಿ.

---

ಕಡಲತಡಿ

ಪಠ್ಯ ಸಂಗ್ರಹದ ಬಗ್ಗೆ ಒಂದು ಮಾತು ಯಾರೂ ಹೇಳಲಿಲ್ಲ. ಕನ್ನಡ ಲಿಪಿಯಲ್ಲಿ ಇರುವುದೆಲ್ಲ ಕನ್ನಡವಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಸಂಸ್ಕೃತ ಶ್ಲೋಕಗಳು ಎಲ್ಲವೂ ಈ ಲಿಪಿಯಲ್ಲಿ ಬರೆಯಲ್ಪಡುತ್ತವೆ. ಫಾಸ್ಟ್‌ಟೆಕ್ಸ್ಟ್‌ನ 176 ಭಾಷೆಗಳನ್ನು ಗುರುತಿಸುವ ಮಾಡೆಲ್‌ನಲ್ಲಿ ತುಳು ಇಲ್ಲ, ಹಾಗಾಗಿ ತುಳು ಪುಟ ಕನ್ನಡದ ಹಣೆಪಟ್ಟಿ ಹಚ್ಚಿಕೊಂಡು ಒಳಗೆ ಬರುತ್ತದೆ. ತುಳು ವಿಕಿಪೀಡಿಯ 2016ರಿಂದ ಇದೆ. ಅದರ ಪಠ್ಯ ಮತ್ತು ಕನ್ನಡ ವಿಕಿಪೀಡಿಯದ ಅಷ್ಟೇ ಪಠ್ಯ ತೆಗೆದುಕೊಂಡು, 2ರಿಂದ 5 ಸಂಕೇತಗಳ ಚೂರುಗಳ ಮೇಲೆ ಸಣ್ಣ ಲಾಜಿಸ್ಟಿಕ್ ರಿಗ್ರೆಷನ್ (ಎರಡು ಗುಂಪಾಗಿ ವಿಂಗಡಿಸುವ ಸರಳ ಮಾಡೆಲ್) ಮಾಡಿದರೆ ಸಾಕು. ‘ಇಜ್ಜಿ’, ‘ಎಂಚ’, ಪದದ ಕೊನೆಯ ‘ಡ್’ ಇವೇ ಕೈಹಿಡಿಯುತ್ತವೆ. ಬೇರ್ಪಡಿಸಿದ ತುಳುವನ್ನು ದಯವಿಟ್ಟು ಎಸೆಯಬೇಡಿ, ತುಳು ಎಂದೇ ಹೆಸರು ಬರೆದು ಇಡಿ. ಆ ಭಾಷೆಗೆ ಅಂಥ ಸಂಗ್ರಹ ಬಹಳ ಬೇಕಾಗಿದೆ.

---

ಅರ್ಕಾವತ್ತು

ಕೊನೆಗೆ, ಮಾಡೆಲ್‌ಗೆ ಕಲಿಸುವ ಪಠ್ಯ ಹಂತಹಂತವಾಗಿ ಹಾದುಹೋಗುವ ಪೈಪ್‌ಲೈನ್‌ಗೆ ಪರೀಕ್ಷೆಯ ಪದಗಳು. ಪ್ರತಿ ಹಂತ ದಾಟಿದ ಮೇಲೂ ಇವು ಬೈಟ್‌ಗೆ ಬೈಟ್ ಹಾಗೇ ಉಳಿಯಬೇಕು: ಕನ್ನಡ, ಬೆಂಗಳೂರು, ಕರ್ನಾಟಕ, ಸಾಫ್ಟ್‌ವೇರ್, ರ‍್ಯಾಂಕ್, ಕಿವಿ, ಕೋಲು, ಅರ್ಘ್ಯ, ಸ್ವಾತಂತ್ರ್ಯ, ದುಃಖ, ಫ಼ೋನ್, ೧೦೦. ಶುದ್ಧೀಕರಣ, ಟೋಕನೈಸ್, ಡಿಟೋಕನೈಸ್, ಡೇಟಾಬೇಸ್‌ಗೆ ಬರೆದು ಓದುವುದು, ಎಲ್ಲದಕ್ಕೂ ಇದೇ ಹನ್ನೆರಡು.

---

ಹೊಸಓದು

ಮಾಡೆಲ್ ಉತ್ತರ ಒಂದೊಂದೇ ಟೋಕನ್ ಬರುವಾಗ ನಡುನಡುವೆ ಪ್ರಶ್ನಾರ್ಥಕ ಇರುವ ಕಪ್ಪು ವಜ್ರದ ಗುರುತು ಮೂಡುತ್ತದೆ, ಪೂರ್ತಿ ಉತ್ತರ ಒಮ್ಮೆಲೇ ತೆಗೆದರೆ ಇರುವುದಿಲ್ಲ. ಇದೂ ಟೋಕನೈಸರ್ ದೋಷವೇ?

---

ತಲಕಟ್ಟು

ಅಲ್ಲ, ತೋರಿಸುವ ಕೋಡ್‌ನದು. ಕನ್ನಡದ ಒಂದು ಸಂಕೇತದ ಮೂರು ಬೈಟ್ ಎರಡು ಟೋಕನ್‌ಗಳಲ್ಲಿ ಹಂಚಿಹೋದಾಗ, ಮೊದಲ ಟೋಕನ್ ಒಂದನ್ನೇ ಡಿಕೋಡ್ ಮಾಡಿದರೆ ಅಪೂರ್ಣ ಬೈಟ್‌ಗಳ ಜಾಗದಲ್ಲಿ 65533ನೇ ಸಂಕೇತ ಬರುತ್ತದೆ. ಪೈಥಾನ್‌ನ ‘ಕೋಡೆಕ್ಸ್’ ಮಾಡ್ಯೂಲ್‌ನಲ್ಲಿ ಯುಟಿಎಫ್-8ರ ಇನ್‌ಕ್ರಿಮೆಂಟಲ್ ಡಿಕೋಡರ್ ಇದೆ. ಟೋಕನ್‌ನ ಬೈಟ್‌ಗಳನ್ನು ಅದಕ್ಕೆ ಕೊಡಿ. ಸಂಕೇತ ಪೂರ್ತಿಯಾಗುವವರೆಗೆ ಅದು ಬೈಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ತೆರೆಯ ಮೇಲೆ ಅಕ್ಷರ ಕುಣಿಯದಂತೆ ಮಾಡಬೇಕಿದ್ದರೆ ಇನ್ನೊಂದು ಹೆಜ್ಜೆ: ಬಂದ ಪಠ್ಯದ ಕೊನೆಯ ಅಕ್ಷರವನ್ನು ಮುಂದಿನ ವ್ಯಂಜನ ಅಥವಾ ಖಾಲಿ ಜಾಗ ಬರುವವರೆಗೆ ತಡೆದಿಡಿ. ವಿರಾಮ ಚಿಹ್ನೆಯ ನಂತರ ಬರುವ ವ್ಯಂಜನ ಅದೇ ಅಕ್ಷರದ ಒತ್ತು, ಅದನ್ನು ಹೊಸ ಅಕ್ಷರವೆಂದು ಎಣಿಸಬೇಡಿ. 8204 ಬಂದರೆ ಮಾತ್ರ ಅಲ್ಲಿಗೆ ಅಕ್ಷರ ಮುಗಿಯಿತು, ಬಿಡುಗಡೆ ಮಾಡಿ.